ಮಣೆಯೊಳಗಿನ ತಮಟೆ

ಹಿತ್ತಾಳೆಯ ತೆಳು ಬಿಲ್ಲೆ, ಅದರ ಮೇಲೆ ಬಿಳಿ ಸೆರಾಮಿಕ್ ಪದರ, ಎರಡು ತಂತಿ. ಕಾಂಟ್ಯಾಕ್ಟ್ ಮೈಕ್ ಎಂದರೆ ಇಷ್ಟೇ. ಆ ಸೆರಾಮಿಕ್ ಒತ್ತಿದರೆ ವಿದ್ಯುತ್ ಹುಟ್ಟುತ್ತದೆ; ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡರು. ತಳಿ ಎಂಬ ಊರಿನ ನಮ್ಮ ಮನೆಯಲ್ಲಿ ಆ ಮೈಕನ್ನು ಹಲಸಿನ ಮಣೆಯ ಅಡಿಗೆ ಅಂಟಿಸಿ, ಐಪ್ಯಾಡಿನ ಇಂಪ್ಯಾಕ್ಟರ್ ಆ್ಯಪ್‌ಗೆ ಜೋಡಿಸಿದ್ದೇನೆ.

ಸಾದಾ ಡ್ರಮ್ ಪ್ಯಾಡಿಗೆ ಏಟು ಬಿತ್ತು, ಇಷ್ಟು ಜೋರಾಗಿ ಬಿತ್ತು ಅನ್ನುವುದಷ್ಟೇ ಗೊತ್ತು. ಇಂಪ್ಯಾಕ್ಟರ್ ಹಾಗಲ್ಲ, ಏಟಿನ ಸದ್ದನ್ನೇ ಬೀಜ ಮಾಡಿಕೊಂಡು ನಾದ ಬೆಳೆಸುತ್ತದೆ. ಉಗುರಲ್ಲಿ ಗೀರಿದರೆ ಚರಚರ, ಅಂಗೈ ಊರಿದರೆ ಗುಮ್ಮೆನ್ನುವ ಮಂದ್ರ; ಅಂಚಿನ ದನಿಯೇ ಬೇರೆ, ನಡುವಿನದೇ ಬೇರೆ. ನಮ್ಮೂರ ಹಬ್ಬದಲ್ಲಿ ತಮಟೆಯವರ ತೆಳುಕಡ್ಡಿಗೂ ದಪ್ಪಕಡ್ಡಿಗೂ ಇರುವ ವ್ಯತ್ಯಾಸ ಕೇಳಿ ಬೆಳೆದ ಕಿವಿಗೆ ಇದು ದೊಡ್ಡ ಸಂತೋಷ. ಬೆರಳಿನ ಗುರುತು ಅಳಿಸದ ಯಂತ್ರ ನನಗೆ ಬೇರೆ ಸಿಕ್ಕಿಲ್ಲ.

ಬಿಲ್ಲೆಯನ್ನು ಐಪ್ಯಾಡಿಗೆ ನೇರವಾಗಿ ಜೋಡಿಸಿದರೆ ಮಂದ್ರವೆಲ್ಲ ಸೋರಿಹೋಗುತ್ತದೆ. ನಡುವೆ ಸುಮಾರು 1 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್ ಇರಲಿ. ಗಾಳಿಯಲ್ಲಿ ಬರುವ ಸದ್ದು ಬಿಲ್ಲೆಗೆ ಅಷ್ಟಾಗಿ ಕೇಳದು, ಹಾಗಾಗಿ ಸ್ಪೀಕರ್ ಹತ್ತಿರವಿದ್ದರೂ ಫೀಡ್‌ಬ್ಯಾಕ್ ಕೂಗಾಟ ಕಡಿಮೆ. ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡ: ಏಟಿಗೂ ಸದ್ದಿಗೂ ನಡುವೆ ತಡವಾಗಿ ತಾಳ ಕೆಡುತ್ತದೆ.