ಜಂಟಿ ಔಷಧಿಯ ಎರಡು ವರದಿಗಳು: ಒಂದು ವಿಮರ್ಶೆ

ಮಿದುಳಿನ ಅರ್ಬುದ ರೋಗಗಳಲ್ಲಿ ಗ್ಲಿಯೋಬ್ಲಾಸ್ಟೋಮ ಅತ್ಯಂತ ಉಗ್ರವಾದುದು. ಶಸ್ತ್ರಕ್ರಿಯೆ, ವಿಕಿರಣ, ಟೆಮೊಜೊಲೊಮೈಡ್ ಔಷಧಿ ಇವೆಲ್ಲವೂ ಆದ ಬಳಿಕ ಅದು ಬಹುಮಟ್ಟಿಗೆ ಮರುಕಳಿಸುತ್ತದೆ. ಮರುಕಳಿಸಿದ ರೋಗಿಗಳಿಗೆ ಲೋಮುಸ್ಟೀನ್, ಬೆವಾಸಿಜುಮಾಬ್ ಎಂಬ ಎರಡು ಔಷಧಿಗಳನ್ನು ಕೂಡಿಸಿಕೊಟ್ಟ ಎರಡು ಪ್ರಯೋಗಗಳ ವರದಿಗಳನ್ನು ಇಲ್ಲಿ ಪರಿಶೀಲಿಸಿದೆ. ವೈದ್ಯಶಾಸ್ತ್ರವು ಈ ಲೇಖಕನ ಕ್ಷೇತ್ರವಲ್ಲ. ಆದರೆ ಆಧಾರಗಳನ್ನು ತೂಗಿನೋಡುವುದು ಇತಿಹಾಸದ ವಿದ್ಯಾರ್ಥಿಯ ನಿತ್ಯದ ಕೆಲಸ.

ಮೊದಲನೆಯದು ನೆದರ್ಲೆಂಡ್ಸಿನಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ 'ಬೆಲಾಬ್' ವರದಿ. ಒಂಬತ್ತು ತಿಂಗಳ ಅನಂತರ ಬದುಕಿದ್ದವರು, ಲೋಮುಸ್ಟೀನ್ ಒಂದನ್ನೇ ಪಡೆದವರಲ್ಲಿ ಶೇಕಡಾ ೪೩, ಬೆವಾಸಿಜುಮಾಬ್ ಒಂದನ್ನೇ ಪಡೆದವರಲ್ಲಿ ಶೇಕಡಾ ೩೮, ಎರಡನ್ನೂ ಪಡೆದವರಲ್ಲಿ ಶೇಕಡಾ ೬೩. ಈ ಅಂಕಿಗಳು ಮನಸ್ಸನ್ನು ಸೆಳೆಯುತ್ತವೆ. ಆದರೆ ಒಂದೊಂದು ಗುಂಪಿನಲ್ಲಿದ್ದವರು ಸುಮಾರು ಐವತ್ತೇ ಮಂದಿ. ಗುಂಪುಗಳನ್ನು ಒಂದಕ್ಕೊಂದು ಹೋಲಿಸಿ ತೀರ್ಪು ನೀಡಲು ರಚಿತವಾದ ಪ್ರಯೋಗ ಅದಾಗಿರಲಿಲ್ಲ.

ಆ ತೀರ್ಪಿಗಾಗಿಯೇ ಯುರೋಪಿನಲ್ಲಿ ೪೩೭ ರೋಗಿಗಳ ಮೇಲೆ ಎರಡನೆಯ ಪ್ರಯೋಗ ನಡೆದು, ೨೦೧೭ರಲ್ಲಿ ಅದರ ವರದಿ ಹೊರಬಂದಿತು. ಜಂಟಿ ಔಷಧಿ ಪಡೆದವರ ಮಧ್ಯಾಂಕ ಆಯುಸ್ಸು ೯.೧ ತಿಂಗಳು, ಲೋಮುಸ್ಟೀನ್ ಮಾತ್ರ ಪಡೆದವರದು ೮.೬. ಈ ಅಂತರ ಗಣನೆಗೆ ಬರುವಂತಹುದಲ್ಲ. ಆದರೂ ರೋಗ ಮುಂದುವರಿಯದೆ ನಿಂತ ಅವಧಿ ೧.೫ರಿಂದ ೪.೨ ತಿಂಗಳಿಗೆ ಏರಿತ್ತು.

ಈ ವಿರೋಧವೇಕೆ? ಬೆವಾಸಿಜುಮಾಬ್ ಗೆಡ್ಡೆಯ ರಕ್ತನಾಳಗಳ ಸೋರಿಕೆಯನ್ನು ತಡೆಯುತ್ತದೆ. ಛಾಯಾಚಿತ್ರಕ್ಕಾಗಿ ಕೊಡುವ ಔಷಧದ್ರವವು ಆಗ ಗೆಡ್ಡೆಯೊಳಕ್ಕೆ ಅಷ್ಟಾಗಿ ಇಳಿಯದು; ಗೆಡ್ಡೆ ಕುಗ್ಗದಿದ್ದರೂ ಚಿತ್ರದಲ್ಲಿ ಕುಗ್ಗಿದಂತೆ ತೋರಬಹುದು. ಪ್ರಶಸ್ತಿಶಾಸನವೊಂದನ್ನೇ ನೆಚ್ಚಿ ಯುದ್ಧದ ಫಲವನ್ನು ನಿರ್ಣಯಿಸಲಾಗದು. ಹಾಗೆಯೇ ಚಿತ್ರವೊಂದನ್ನೇ ನೆಚ್ಚಿ ಚಿಕಿತ್ಸೆಯ ಫಲವನ್ನೂ ನಿರ್ಣಯಿಸಲಾಗದು.

ಮೊದಲ ವರದಿಯ ಕರ್ತೃಗಳನ್ನು ಇಲ್ಲಿ ದೂಷಿಸಬೇಕಾಗಿಲ್ಲ. ದೊಡ್ಡ ಪ್ರಯೋಗಕ್ಕೆ ದಾರಿ ತೋರಿದವರು ಅವರೇ. ದೋಷವಿರುವುದು ಸೂಚನೆಯನ್ನೇ ಸಿದ್ಧಾಂತವೆಂದು ಓದುವ ನಮ್ಮ ಆತುರದಲ್ಲಿ. ಆ ಆತುರದ ಬೆಲೆಯನ್ನು ತೆರುವವನು ರೋಗಿ. ಎರಡನೆಯ ಪ್ರಯೋಗದಲ್ಲಿ ತೀವ್ರ ತೊಂದರೆಗಳು ಜಂಟಿ ಔಷಧಿಯವರಲ್ಲಿ ಶೇಕಡಾ ೬೪ ಮಂದಿಗೆ, ಉಳಿದವರಲ್ಲಿ ಶೇಕಡಾ ೩೮ ಮಂದಿಗೆ ಉಂಟಾದವು.

ಇದರಿಂದ ಜಂಟಿ ಚಿಕಿತ್ಸೆಯೆಲ್ಲವೂ ವ್ಯರ್ಥವೆಂದು ಹೇಳುವುದೂ ಅವಸರವೇ. ೨೦೧೯ರ ಒಂದು ಜರ್ಮನ್ ವರದಿಯಲ್ಲಿ, ಹೊಸದಾಗಿ ರೋಗ ಪತ್ತೆಯಾದ ಒಂದು ವಿಶಿಷ್ಟ ವರ್ಗದವರಿಗೆ ವಿಕಿರಣದೊಡನೆ ಲೋಮುಸ್ಟೀನ್, ಟೆಮೊಜೊಲೊಮೈಡ್ ಎರಡನ್ನೂ ಕೊಟ್ಟಾಗ ಮಧ್ಯಾಂಕ ಆಯುಸ್ಸು ೩೧.೪ರಿಂದ ೪೮.೧ ತಿಂಗಳಿಗೆ ಏರಿತು. ಗಣನೆಗೆ ಬಂದವರು ೧೨೯ ಮಂದಿ. ಇದನ್ನು ಆದರದಿಂದಲೂ, 'ಎಷ್ಟು ಮಂದಿಯಲ್ಲಿ, ಯಾರಿಗೆ ಹೋಲಿಸಿ?' ಎಂಬ ಪ್ರಶ್ನೆಯೊಡನೆಯೂ ಓದುವುದು ಯುಕ್ತ.