ಹೊಗಳುವುದು ಗೊತ್ತಿದ್ದವನ ಸ್ತುತಿ

ಜಾರ್ಜ್ ಹರ್ಬರ್ಟ್ ಎಂದೊಡನೆ ನಮ್ಮ ಇಂಗ್ಲಿಷ್ ಎಂ.ಎ. ತರಗತಿಗಳಿಗೆ ನೆನಪಾಗುವುದು ರೆಕ್ಕೆಯ ಆಕಾರದಲ್ಲಿ ಅಚ್ಚಾದ ಒಂದು ಪದ್ಯ. ಪರೀಕ್ಷೆಗೆ ಅಷ್ಟು ಸಾಕು. ನನ್ನನ್ನು ಅವನತ್ತ ಮತ್ತೆ ಮತ್ತೆ ಎಳೆಯುವುದು ಬೇರೆಯದೇ ಸಂಗತಿ: ದೇವರನ್ನು ಸ್ತುತಿಸುವಾಗ ಆ ಮಾತು ಹೃದಯದ್ದೋ ಬರೀ ನಾಲಗೆಯದೋ ಎಂಬ ಅನುಮಾನ ಅವನನ್ನು ಬಿಡದೆ ಕಾಡಿತು.

ಅನುಮಾನಕ್ಕೆ ಕಾರಣ ಅವನ ಬದುಕಿನಲ್ಲೇ ಇತ್ತು ಅನ್ನಿಸುತ್ತದೆ. 1620ರಲ್ಲಿ ಹರ್ಬರ್ಟ್ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅಧಿಕೃತ ವಾಗ್ಮಿಯಾದ. ರಾಜನಿಗೆ, ಆಸ್ಥಾನದ ದೊಡ್ಡವರಿಗೆ ವಿಶ್ವವಿದ್ಯಾಲಯದ ಪರವಾಗಿ ಲ್ಯಾಟಿನ್‌ನಲ್ಲಿ ಪತ್ರ ಬರೆಯುವುದು, ಭಾಷಣ ಮಾಡುವುದು ಆ ಹುದ್ದೆಯ ಕೆಲಸ. ಬಿಡಿಸಿ ಹೇಳಿದರೆ, ಹೊಗಳಿಕೆಯೇ ಅವನ ಕಸುಬು. ಅಂಥವನು 1630ರಲ್ಲಿ ಸಾಲ್ಸ್‌ಬರಿ ಬಳಿಯ ಬೆಮರ್ಟನ್ ಎಂಬ ಸಣ್ಣ ಊರಿಗೆ ಪಾದ್ರಿಯಾಗಿ ಹೋದ. ಮೂರು ವರ್ಷ ತುಂಬುವ ಮೊದಲೇ, ನಲವತ್ತು ಮುಟ್ಟದೆ ತೀರಿಕೊಂಡ. ಕವಿತೆಗಳ ಹಸ್ತಪ್ರತಿಯನ್ನು ಗೆಳೆಯ ನಿಕೊಲಾಸ್ ಫೆರಾರ್‌ಗೆ ಕಳಿಸುತ್ತ, ನೊಂದ ಜೀವಕ್ಕೆ ಉಪಯೋಗವಾದೀತು ಅನ್ನಿಸಿದರೆ ಅಚ್ಚು ಹಾಕಿಸಲಿ, ಇಲ್ಲವಾದರೆ ಸುಟ್ಟುಬಿಡಲಿ ಎಂದಿದ್ದನಂತೆ. ಹಾಗೆಂದು ಬರೆದವನು ಐಸಾಕ್ ವಾಲ್ಟನ್. ತನ್ನ ಚರಿತ್ರನಾಯಕರನ್ನು ಸಂತರನ್ನಾಗಿ ಮಾಡುವ ಚಪಲ ಅವನಿಗೆ ಸ್ವಲ್ಪ ಹೆಚ್ಚೇ. 'ದಿ ಟೆಂಪಲ್' 1633ರಲ್ಲಿ ಅಚ್ಚಾಯಿತು.

'ಜೋರ್ಡನ್' ಎಂಬ ಹೆಸರಿನ ಎರಡನೆಯ ಕವಿತೆಯಲ್ಲಿ ಕವಿ ತನ್ನ ಹಳೆಯ ಚಾಳಿ ನೆನೆಯುತ್ತಾನೆ. ದೇವರ ಬಗ್ಗೆ ಬರೆಯಲು ಹೊರಟು ಚಮತ್ಕಾರದ ಪದಗಳನ್ನು ಹುಡುಕಿದ್ದು, ಬರೆದದ್ದನ್ನು ಅಳಿಸಿದ್ದು, ಅರ್ಥದೊಳಗೆ ತನ್ನನ್ನೇ ಹೆಣೆದುಕೊಂಡದ್ದು. ಕೊನೆಗೆ ಗೆಳೆಯನೊಬ್ಬ ಪಿಸುಗುಡುತ್ತಾನೆ: ಪ್ರೀತಿಯಲ್ಲೇ ಎಲ್ಲ ಬರೆದಿದೆ, ಅದನ್ನು ನಕಲು ಮಾಡು. ವಿಮರ್ಶಕರಿಗೆ ಬಲು ಪ್ರಿಯವಾದ ಕವಿತೆ ಇದು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಮತ್ಕಾರ ಬೇಡವೆಂದು ಇಷ್ಟು ಚಮತ್ಕಾರವಾಗಿ ಹೇಳಿದಾಗ, ಸರಳತೆಯೂ ಒಂದು ಒಡವೆಯೇ ಆಗಿಬಿಡುತ್ತದೆ.

'ಎ ಟ್ರೂ ಹಿಮ್' ಕವಿತೆಯಲ್ಲಿ ಆ ಜಾಣತನ ಕಡಿಮೆ. ದಿನವಿಡೀ ಒಂದೆರಡು ಮಾತನ್ನೇ ಗೊಣಗುವ ಹೃದಯ ಅಲ್ಲಿದೆ. ಪ್ರಾಸ ಸರಿಯಾಗಿದ್ದು ಹೃದಯ ಜೊತೆಗಿಲ್ಲದಿದ್ದರೆ ದೇವರಿಗೆ ದೂರು. ಹೃದಯವಿದ್ದು ಪದ್ಯ ಕುಂಟಿದರೆ ಕೊರತೆ ತುಂಬುವವನು ಅವನೇ. ಪ್ರೀತಿಸಬಲ್ಲೆನಾದರೆ ಎಂದು ನಿಟ್ಟುಸಿರಿಟ್ಟು ಹೃದಯ ನಿಂತುಬಿಡುತ್ತದೆ. ಆಗ ದೇವರು ಒಂದೇ ಪದ ಬರೆಯುತ್ತಾನೆ. ಅದೇ ಕ್ರಿಯಾಪದ, ಆದರೆ ಕರ್ಮಣಿಯಲ್ಲಿ. ಪ್ರೀತಿಸಲು ಹಂಬಲಿಸಿದವನು ಆಗಲೇ ಪ್ರೀತಿ ಪಡೆದವನು. ಕ್ರೈಸ್ತ ಧರ್ಮಶಾಸ್ತ್ರದಲ್ಲಿ ಕೃಪೆ ಮೊದಲು, ಸ್ತುತಿ ಆಮೇಲೆ ಎಂಬ ತತ್ವ ಇಲ್ಲಿ ವ್ಯಾಕರಣದ ಒಂದು ತಿರುವಿನಲ್ಲಿ ನಡೆದುಹೋಗುತ್ತದೆ.

ಆದರೂ ಕೃಪೆ ಬರದ ದಿನಗಳ ಗತಿ ಏನು? ಅದಕ್ಕೆ 'ಡಿನಯಲ್' ಓದಬೇಕು. ಪ್ರಾರ್ಥನೆ ದೇವರ ಕಿವಿಗೆ ತಲುಪುತ್ತಿಲ್ಲ. ಆರು ಚರಣಗಳ ಈ ಕವಿತೆಯಲ್ಲಿ ಮೊದಲ ಐದರ ಕೊನೆಯ ಸಾಲು ಯಾವುದಕ್ಕೂ ಪ್ರಾಸವಾಗದೆ ಒಂಟಿಯಾಗಿ ತೂಗಾಡುತ್ತದೆ. ಗಟ್ಟಿಯಾಗಿ ಓದಿ ನೋಡಿ, ಪ್ರತಿ ಸಲವೂ ಮೆಟ್ಟಿಲು ತಪ್ಪಿದಂತಾಗುತ್ತದೆ. ತನ್ನ ಪ್ರಾಸವನ್ನು ಸರಿಪಡಿಸೆಂದು ಕೇಳುವ ಆರನೆಯ ಚರಣದಲ್ಲಿ ಮಾತ್ರ ಅದು ಕೂಡುತ್ತದೆ. ಹಾಗಂತ ದೇವರು ಉತ್ತರಿಸಿದನೆಂದು ಹರ್ಬರ್ಟ್ ಎಲ್ಲೂ ಬರೆಯುವುದಿಲ್ಲ. ವಾಕ್ಯ ಇನ್ನೂ ಬೇಡಿಕೆಯಲ್ಲೇ ಇದೆ, ಕಿವಿಗೆ ಮಾತ್ರ ಪ್ರಾಸ ಕೇಳಿಸಿಬಿಟ್ಟಿದೆ.