ದಕ್ಷಿಣ ಕ್ಯಾರೊಲೈನದ ಏಳನೆಯ ಕ್ಷೇತ್ರ: ರದ್ದತಿಯ ಕಾಲವನ್ನು ಕುರಿತು ಒಂದು ವಿಮರ್ಶೆ

ಚುನಾವಣಾ ಕ್ಷೇತ್ರವೊಂದರ ಚರಿತ್ರೆಯನ್ನು ಬರೆಯುವವರು ಕ್ಷೇತ್ರ ಹುಟ್ಟಿದ ವರ್ಷ, ಗೆದ್ದವರ ಪಟ್ಟಿ, ರದ್ದಾದ ವರ್ಷ ಈ ಮೂರನ್ನು ಹೇಳಿ ಮುಗಿಸುವುದು ವಾಡಿಕೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಾಂಗ್ರೆಸ್ಸಿನ ಪ್ರತಿನಿಧಿಸಭೆಗೆ ದಕ್ಷಿಣ ಕ್ಯಾರೊಲೈನ ರಾಜ್ಯದಿಂದ ಸದಸ್ಯನನ್ನು ಕಳುಹಿಸುತ್ತಿದ್ದ ಏಳನೆಯ ಕ್ಷೇತ್ರದ ವಿಷಯದಲ್ಲಿ ಈ ಪದ್ಧತಿ ಓದುಗರ ದಾರಿ ತಪ್ಪಿಸುತ್ತದೆ. ದಾಖಲೆಯ ಪ್ರಕಾರ ಆ ಕ್ಷೇತ್ರ 1883ರಲ್ಲಿ ಆರಂಭವಾಗಿ 1933ರಲ್ಲಿ ಲೋಪವಾಯಿತು. ಆದರೆ ಯಾರ ಮತಗಳನ್ನು ಲೆಕ್ಕವಿಟ್ಟು ಅದರ ಗಡಿಯನ್ನು ಎಳೆದರೋ ಅವರ ಪಾಲಿಗೆ ಅದು 1895ರಲ್ಲಿಯೇ ಇಲ್ಲವಾಯಿತೆಂಬುದು ಪ್ರಕೃತ ಲೇಖನದ ವಾದ.

ಮೊದಲು ಕ್ಷೇತ್ರರಚನೆಯನ್ನು ವಿಚಾರಿಸಬೇಕು. 1880ರ ಜನಗಣತಿಯಂತೆ ಆ ರಾಜ್ಯದ ಒಟ್ಟು ಜನಸಂಖ್ಯೆ 9,95,577. ಅದರಲ್ಲಿ ಕಪ್ಪು ಜನರು 6,04,332. ಎಂದರೆ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು. ಆ ಗಣತಿಯಿಂದ ರಾಜ್ಯದ ಸ್ಥಾನಗಳು ಐದರಿಂದ ಏಳಕ್ಕೇರಿದುವು. ನಮ್ಮ ದೇಶದಲ್ಲಿ ಕ್ಷೇತ್ರಗಳ ಎಲ್ಲೆಯನ್ನು ಗೊತ್ತುಮಾಡುವುದು ಅದಕ್ಕೆಂದೇ ನೇಮಕವಾದ ಆಯೋಗ. ಅಲ್ಲಿ ಅದು ರಾಜ್ಯದ ಶಾಸನಸಭೆಯ ಅಧಿಕಾರಕ್ಕೆ ಸೇರಿದ್ದು. ಬಿಳಿಯರ ಡೆಮೊಕ್ರಾಟಿಕ್ ಪಕ್ಷದ ಕೈಯಲ್ಲಿದ್ದ ಆ ಸಭೆ 1882ರಲ್ಲಿ ಕರಾವಳಿಯ ಬ್ಯೂಫರ್ಟ್, ಜಾರ್ಜ್‌ಟೌನ್ ಮೊದಲಾದ ಪ್ರದೇಶಗಳನ್ನು ಒಳನಾಡಿನ ತುಂಡುಗಳೊಡನೆ ಜೋಡಿಸಿ, ಕಪ್ಪು ಮತದಾರರನ್ನು ಸಾಧ್ಯವಾದಷ್ಟು ಮಟ್ಟಿಗೆ ಒಂದೇ ಕ್ಷೇತ್ರದಲ್ಲಿ ಕೂಡಿಸಿತು. ಉಳಿದ ಆರು ಕ್ಷೇತ್ರಗಳು ಆ ಪಕ್ಷಕ್ಕೆ ನಿರ್ಭಯವಾದುವು.

ಹೀಗಾದರೂ ಕಪ್ಪು ಜನರಿಗೆ ಒಂದು ಸ್ಥಾನ ಖಚಿತವಾಗಿ ದೊರೆಯಿತಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳಬಹುದು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ರಾಬರ್ಟ್ ಸ್ಮಾಲ್ಸ್, ಥಾಮಸ್ ಮಿಲ್ಲರ್, ಜಾರ್ಜ್ ವಾಷಿಂಗ್ಟನ್ ಮರ್ರೆ ಎಂಬ ಮೂವರು ಕಪ್ಪು ಪ್ರತಿನಿಧಿಗಳು ಈ ಕ್ಷೇತ್ರದಿಂದ ಕಾಂಗ್ರೆಸ್ಸಿಗೆ ಹೋದರು. ಆದರೆ ಎಲ್ಲೆಯನ್ನು ಮಾತ್ರ ನೋಡಿ ಮತಪೆಟ್ಟಿಗೆಯನ್ನು ನೋಡದಿರುವುದು ಈ ಸಮಾಧಾನದ ದೋಷ. ಅದೇ 1882ರಲ್ಲಿ ಎಂಟು ಪೆಟ್ಟಿಗೆಗಳ ಕಾನೂನೂ ಜಾರಿಗೆ ಬಂದಿತು. ಅದರಂತೆ ಬೇರೆಬೇರೆ ಅಧಿಕಾರ ಸ್ಥಾನಗಳಿಗೆ ಬೇರೆಬೇರೆ ಪೆಟ್ಟಿಗೆಗಳು. ತಪ್ಪು ಪೆಟ್ಟಿಗೆಯಲ್ಲಿ ಬಿದ್ದ ಮತ ಅಸಿಂಧು. ಗುಲಾಮಗಿರಿಯ ಕಾಲದಲ್ಲಿ ಓದು ನಿಷಿದ್ಧವಾಗಿದ್ದ ಜನಕ್ಕೆ ಪೆಟ್ಟಿಗೆಯ ಮೇಲಿನ ಬರೆಹವೇ ಅಡ್ಡಗೋಡೆಯಾಯಿತು. ಹೊಸ ನೋಂದಣಿ ಬೇರೆ; ಮನೆ ಬದಲಾಯಿಸಿದವನು ಹೊಸ ಪತ್ರವನ್ನು ಪಡೆಯಬೇಕಾಗಿತ್ತು.

ಇದರ ಪರಿಣಾಮವನ್ನು ಚುನಾವಣೆಗಳ ಕ್ರಮದಲ್ಲಿಯೇ ಕಾಣಬಹುದು. 1882ರಲ್ಲಿ ಗೆದ್ದವನು ರಿಪಬ್ಲಿಕನ್ ಪಕ್ಷದ ಬಿಳಿಯನಾದ ಎಡ್ಮಂಡ್ ಮ್ಯಾಕಿ. ಅವನು 1884ರ ಜನವರಿಯಲ್ಲಿ ತೀರಿಕೊಳ್ಳಲು ಸ್ಮಾಲ್ಸನು ಅವನ ಸ್ಥಾನಕ್ಕೆ ಬಂದನು. 1862ರಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ಪ್ಲಾಂಟರ್ ಎಂಬ ಹಡಗನ್ನು ಒಕ್ಕೂಟದ ನೌಕಾಬಲಕ್ಕೆ ತಂದೊಪ್ಪಿಸಿ ಸ್ವತಂತ್ರನಾದ ಗುಲಾಮನೇ ಈ ಸ್ಮಾಲ್ಸ್. 1886ರಲ್ಲಿ ಅವನು ವಿಲಿಯಂ ಎಲಿಯಟನಿಗೆ ಸೋತನೆಂದು ಘೋಷಿತವಾಯಿತು. ಡೆಮೊಕ್ರಾಟರ ಬಹುಮತವಿದ್ದ ಪ್ರತಿನಿಧಿಸಭೆ ಅವನ ತಕರಾರನ್ನು ಮನ್ನಿಸಲಿಲ್ಲ. 1888ರ ಚುನಾವಣೆಯ ಮೇಲೆ ಮಿಲ್ಲರನು ತಂದ ತಕರಾರು ರಿಪಬ್ಲಿಕನರ ಬಹುಮತವಿದ್ದ ಸಭೆಯಲ್ಲಿ ಫಲಿಸಿತು. ಆದರೆ ಸ್ಥಾನ ಅವನಿಗೆ ದೊರೆತುದು 1890ರ ಸೆಪ್ಟೆಂಬರ್ 24ರಂದು, ಅವಧಿಯ ಬಹುಭಾಗ ಕಳೆದ ಮೇಲೆ. ಅದೇ ವರ್ಷದ ಮುಂದಿನ ಚುನಾವಣೆಯಲ್ಲಿ ಅವನ ಮತಪತ್ರಗಳ ಬಣ್ಣ ಮತ್ತು ಅಳತೆ ನಿಯಮಕ್ಕೆ ಸರಿಹೊಂದಲಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಸ್ಥಾನ ಮತ್ತೆ ಎಲಿಯಟನಿಗೆ ಹೋಯಿತು. 1892ರಲ್ಲಿ ಮರ್ರೆ ಗೆದ್ದುದು 40 ಮತಗಳಿಂದ. ಕಪ್ಪು ಮತದಾರರ ಬಹುಮತಕ್ಕೆಂದು ಮೀಸಲಾದಂತಿದ್ದ ಕ್ಷೇತ್ರದಲ್ಲಿ ಅಂತರ ಇಷ್ಟು ಕಿರಿದಾದುದು ಜನರ ಮನಸ್ಸು ಬದಲಾದುದರಿಂದಲ್ಲ, ಎಣಿಕೆಗೆ ಬಂದ ಮತಗಳು ಕುಗ್ಗಿದುದರಿಂದ.

1894ರಲ್ಲಿ ಶಾಸನಸಭೆ ಎಲ್ಲೆಗಳನ್ನು ಮತ್ತೆ ಬದಲಾಯಿಸಿತು. ಮರ್ರೆ ಒಂದನೆಯ ಕ್ಷೇತ್ರದಲ್ಲಿ ನಿಂತು, ತಕರಾರು ಹೂಡಿ, 1896ರ ಜೂನಿನಲ್ಲಿ ಸ್ಥಾನ ಪಡೆದನು. ಅಷ್ಟರಲ್ಲಿ 1895ರ ರಾಜ್ಯಸಂವಿಧಾನ ರಚಿತವಾಗಿದ್ದಿತು. ಎರಡು ವರ್ಷಗಳ ವಾಸ, ಚುನಾವಣೆಗೆ ಆರು ತಿಂಗಳು ಮುಂಚೆ ಸಲ್ಲಿಸಬೇಕಾದ ತಲೆಗಂದಾಯ, ಓದುಬರೆಹದ ಪರೀಕ್ಷೆ ಅಥವಾ 300 ಡಾಲರ್ ಬೆಲೆಯ ಆಸ್ತಿ: ಇವು ಅದರ ನಿಬಂಧನೆಗಳು. ಆ ರಚನಾಸಭೆಯಲ್ಲಿದ್ದ ಕಪ್ಪು ಸದಸ್ಯರು ಆರೇ ಮಂದಿ. ಅವರಲ್ಲಿ ಸ್ಮಾಲ್ಸನೂ ಮಿಲ್ಲರನೂ ಇದ್ದು ಪ್ರತಿಭಟಿಸಿದರು. ಪ್ರತಿಭಟನೆ ನಿಷ್ಫಲವಾಯಿತು.

ಇಲ್ಲಿಂದ 1933ರವರೆಗಿನ ಏಳನೆಯ ಕ್ಷೇತ್ರ ಅದೇ ಸಂಖ್ಯೆಯ ಬೇರೊಂದು ಕ್ಷೇತ್ರವೆಂದೇ ಎಣಿಸಬೇಕು. ಅಲ್ಲಿ ಚುನಾವಣೆಗಳು ನಡೆದುವು, ಸದಸ್ಯರು ಬದಲಾದರು. 1914ರ ಕೃಷಿ ವಿಸ್ತರಣೆಯ ಶಾಸನಕ್ಕೆ ಹೆಸರು ಕೊಟ್ಟ ಆಸ್ಬರಿ ಲೀವರನೂ ಅಲ್ಲಿಂದಲೇ ಆರಿಸಿಬಂದವನು. ಮತವಿಲ್ಲದ ಕಪ್ಪು ಜನರನ್ನು ಮಾತ್ರ ಸ್ಥಾನಗಳ ಲೆಕ್ಕಕ್ಕೆ ಎಂದಿನಂತೆ ಸೇರಿಸಿಕೊಳ್ಳಲಾಗುತ್ತಿತ್ತು. ಮತವನ್ನು ನಿರಾಕರಿಸಿದ ರಾಜ್ಯದ ಪ್ರಾತಿನಿಧ್ಯವನ್ನು ಅದಕ್ಕೆ ತಕ್ಕಂತೆ ಕಡಿಮೆಮಾಡಬೇಕೆಂದು ಹದಿನಾಲ್ಕನೆಯ ತಿದ್ದುಪಡಿಯ ಎರಡನೆಯ ವಿಭಾಗ ಹೇಳುತ್ತದೆ; ಅದು ಆಚರಣೆಗೆ ಬರಲೇ ಇಲ್ಲ. ಕೊನೆಗೆ ಸ್ಥಾನ ಕಳೆದುದು ಶಿಕ್ಷೆಯಿಂದಲ್ಲ, ಗಣಿತದಿಂದ. 1920ರಲ್ಲಿ 16,83,724 ಇದ್ದ ಜನಸಂಖ್ಯೆ 1930ರಲ್ಲಿ 17,38,765 ಮಾತ್ರ ಆಯಿತು. ಬೇರೆ ರಾಜ್ಯಗಳು ಇದಕ್ಕಿಂತ ವೇಗವಾಗಿ ಬೆಳೆದಿದ್ದುವು. ಈ ಮಂದಗತಿಗೆ ಹತ್ತಿಯ ಕೀಟ, ಬೆಲೆಯ ಕುಸಿತ ಮುಂತಾದ ಕಾರಣಗಳೂ ಉಂಟು. ಆದರೂ ಉತ್ತರಕ್ಕೆ ವಲಸೆಹೋದ ಕಪ್ಪು ಜನರ ಪಾಲು ಅದರಲ್ಲಿ ಸಣ್ಣದಲ್ಲ. ಹೋದವರ ತಲೆಯೆಣಿಕೆಯಿಂದಲೇ ಆ ಸ್ಥಾನ ಅಷ್ಟು ಕಾಲ ನಿಂತಿದ್ದಿತು.

2013ರಿಂದ ದಕ್ಷಿಣ ಕ್ಯಾರೊಲೈನಕ್ಕೆ ಮತ್ತೆ ಏಳನೆಯ ಕ್ಷೇತ್ರವುಂಟು. ಅದು ರಾಜ್ಯದ ಈಶಾನ್ಯ ಭಾಗದಲ್ಲಿದ್ದು ಹಳೆಯದರ ಮುಂದುವರಿಕೆಯಲ್ಲ. ಮರ್ರೆಯ ಅವಧಿ 1897ರಲ್ಲಿ ಮುಗಿದ ಮೇಲೆ ಆ ರಾಜ್ಯದ ಮುಂದಿನ ಕಪ್ಪು ಪ್ರತಿನಿಧಿ, ಜೇಮ್ಸ್ ಕ್ಲೈಬರ್ನ್ ಅವರು, ಕಾಂಗ್ರೆಸ್ಸಿಗೆ ಬಂದುದು 1993ರಲ್ಲಿ, ಆರನೆಯ ಕ್ಷೇತ್ರದಿಂದ. 2024ರ ಮೇ ತಿಂಗಳಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದೇ ರಾಜ್ಯದ ಒಂದನೆಯ ಕ್ಷೇತ್ರದ ಎಲ್ಲೆಯನ್ನು ಪರಿಶೀಲಿಸಿ, ವರ್ಣವೇ ಅದರ ಪ್ರಧಾನ ಕಾರಣವೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ತೀರ್ಪಿತ್ತಿತು. ಎಲ್ಲೆಯ ವಿವಾದ ಮುಗಿದಿಲ್ಲವೆಂಬುದು ಇದರಿಂದ ಸ್ಪಷ್ಟ.

ಆದುದರಿಂದ ಲೋಪವಾದ ಕ್ಷೇತ್ರಗಳ ಚರಿತ್ರೆಯನ್ನು ಬರೆಯುವವರು ಗೆದ್ದವರ ಪಟ್ಟಿಯ ಪಕ್ಕದಲ್ಲಿ, ಆಯಾ ವರ್ಷ ಮತದಾನದ ನಿಯಮವೇನಿತ್ತು, ಅದರಿಂದ ಹೊರಗುಳಿದವರು ಯಾರು ಎಂಬ ಇನ್ನೊಂದು ಪಟ್ಟಿಯನ್ನೂ ಇಡುವುದು ಅವಶ್ಯಕ. ಏಳನೆಯ ಕ್ಷೇತ್ರಕ್ಕೆ ಆ ಎರಡನೆಯ ಪಟ್ಟಿಯನ್ನು ಜೋಡಿಸಿದರೆ, 1933 ಎಂಬ ವರ್ಷ ಸರ್ಕಾರದ ದಾಖಲೆಗೆ ಸಾಕು, ಚರಿತ್ರೆಗೆ ಸಾಲದು.